ಮೊದಲು ರೊಕ್ಕದ ಮಾತು

ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಕಿ ದಿವೆ ಘಾಟ್ ಹತ್ತಿ ಬಂದು ನಮ್ಮ ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ. ಬೀದಿ ಬೀದಿಯಲ್ಲಿ ಪೋಹೆ, ಚಹಾ, ಬಾಳೆಹಣ್ಣು ಹಂಚುತ್ತಾರೆ. ತಿನ್ನಲು ಬಂದವನ ಆದಾಯ ಎಷ್ಟೆಂದು ಯಾರೂ ಕೇಳುವುದಿಲ್ಲ.

ಅಂಥ ಒಂದು ರಾತ್ರಿ ಪರಿಚಯದ ಕನ್ನಡಿಗರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮೂಲ ಜತ್ತ ತಾಲ್ಲೂಕು. ಇಲ್ಲಿ ಗ್ರಿಲ್, ಗೇಟು ಮಾಡುವ ಸಣ್ಣ ಅಂಗಡಿ ಇದೆ. ಹುಡುಗಿಗೆ ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ದೂರದ ಒಂದು ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಕೆಲವೇ ದಿನಗಳಲ್ಲಿ ಹಣ ಕಟ್ಟಿ ಒಪ್ಪಿಕೊಳ್ಳಬೇಕು. ಇಲ್ಲವಾದರೆ ಪುಣೆಯ ಸಿಒಇಪಿ. ರಾಜ್ಯದ ಸಿಇಟಿ ಅಂಕ ನೋಡಿದರೆ ಅಲ್ಲಿ ಸಿಗುವುದು ಹೆಚ್ಚುಕಡಿಮೆ ಖಚಿತ, ಆದರೆ ಆ ಪಟ್ಟಿ ಬರುವುದು ಆಮೇಲೆ.

ನಾನು ಕಾಲೇಜುಗಳ ಗುಣಗಾನ ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಯಾವ ಕಾಲೇಜು ಚಲೋ ಅನ್ನೋದು ಆಮ್ಯಾಗ ಹೇಳ್ರಿ ಸಾಹೇಬ್ರ. ರೊಕ್ಕ ಎಷ್ಟು, ಯಾವಾಗ ಕಟ್ಟಬೇಕು, ಮೊದಲ ಅದು ಹೇಳ್ರಿ."

ಪ್ರಾಜೆಕ್ಟ್ ಮ್ಯಾನೇಜರನ ಅಭ್ಯಾಸದಂತೆ ಎಕ್ಸೆಲ್ ತೆರೆದೆ. ಐಐಟಿಗಳಲ್ಲಿ ಬಿಟೆಕ್ ಬೋಧನಾ ಶುಲ್ಕ 2016ರಲ್ಲಿ ವರ್ಷಕ್ಕೆ 90 ಸಾವಿರದಿಂದ 2 ಲಕ್ಷಕ್ಕೆ ಏರಿತು. ಜೊತೆಗೆ ರಿಯಾಯಿತಿಯೂ ಇದೆ: ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ವರ್ಷಕ್ಕೆ 1 ಲಕ್ಷದೊಳಗೆ ಆದಾಯವಿರುವ ಕುಟುಂಬದವರಿಗೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದವರೆಗಿನವರಿಗೆ ಮೂರರಲ್ಲಿ ಎರಡು ಪಾಲು ಮನ್ನಾ. ಇವರದು ಎರಡನೆಯ ಗುಂಪು. ಅಂದರೆ ವರ್ಷಕ್ಕೆ ಸುಮಾರು 67 ಸಾವಿರ. ಹಾಸ್ಟೆಲ್, ಮೆಸ್, ರೈಲು, ಲ್ಯಾಪ್‌ಟಾಪ್ ಬೇರೆ. ಸಿಒಇಪಿಯ ಕಾಲಂನಲ್ಲಿ ಬೋಧನಾ ಶುಲ್ಕ ಸೊನ್ನೆ. ಆದಾಯ 8 ಲಕ್ಷದೊಳಗಿರುವ ಒಬಿಸಿ, ಇಡಬ್ಲ್ಯೂಎಸ್, ಎಸ್‌ಇಬಿಸಿ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರ 2024ರಿಂದ ವೃತ್ತಿಶಿಕ್ಷಣದ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಮನೆಯಿಂದಲೇ ಓಡಾಡಬಹುದು.

"ಸಾಲ ತಗೋಬಹುದಲ್ರಿ," ಅಂದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ ಬೇಡ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3ರ ರಿಯಾಯಿತಿ. ನಾಲ್ಕು ವರ್ಷ ಕಳೆದರೆ ಐಐಟಿ ಪದವಿಯ ಸಂಬಳದಲ್ಲಿ ಅದನ್ನು ತೀರಿಸುವುದು ಏನು ಮಹಾ?

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಕೇಳಿದಳು: "ಕಾಕಾ, ಮೊದಲನೇ ವರ್ಷದಾಗ ನಾ ಏನರ ಫೇಲ್ ಆದ್ರ?"

ನನ್ನ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ದೇಶದ ಅತಿ ಕಠಿಣ ಪರೀಕ್ಷೆಗಳಲ್ಲೊಂದನ್ನು ಗೆದ್ದು ಬಂದವಳು ಸೋಲಿನ ಬೆಲೆ ಕೇಳುತ್ತಿದ್ದಳು. ನನ್ನ ಮಗ ಹಾಗೆ ಎಂದೂ ಕೇಳಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಖಾಸಗಿ ವಿಶ್ವವಿದ್ಯಾಲಯ ಅವನ ಅಂಕ ನೋಡಿ ಶುಲ್ಕದಲ್ಲಿ ಕಾಲು ಭಾಗ ಬಿಟ್ಟುಕೊಟ್ಟಿತು. ನಮಗೆ ಅದು ಬೇಕಾಗಿರಲಿಲ್ಲ. ಆದರೂ ಪತ್ರ ಮುಂಚೆಯೇ ಬಂತು, ನಾಲ್ಕು ವರ್ಷದ ಲೆಕ್ಕವೂ ಅದರಲ್ಲೇ ಇತ್ತು. ನಾನು ಖುಷಿಯಾಗಿ ಒಪ್ಪಿಕೊಂಡೆ, ವಾಟ್ಸಾಪ್ ಸ್ಟೇಟಸ್ ಕೂಡ ಹಾಕಿದೆ. ಅವನು ಒಂದು ವರ್ಷ ಎಡವಿದರೆ ನಾನಿದ್ದೇನೆ. ಈ ಹುಡುಗಿ ಎಡವಿದರೆ ಅಂಗಡಿಯ ವೆಲ್ಡಿಂಗ್ ಮಷಿನ್ ಮಾರಬೇಕು. "ಧೈರ್ಯ ಮಾಡ್ರಿ" ಎಂದು ಹೇಳುತ್ತಿದ್ದ ನಾನು ಅವರ ಗಂಟಿನಿಂದ ಧೈರ್ಯ ಖರ್ಚು ಮಾಡುತ್ತಿದ್ದೆ.

ಬಡವರು ದೂರ ನೋಡುವುದಿಲ್ಲ, ಸಾಲಕ್ಕೆ ಅಂಜುತ್ತಾರೆ ಎಂದು ನಾವು ಓದಿದವರು ಸುಲಭವಾಗಿ ಹೇಳುತ್ತೇವೆ. ನಾನು ಹಾಗೆ ಹೇಳಬಾರದಿತ್ತು. 1998ರಲ್ಲಿ ನನ್ನ ಸಿಇಟಿ ರ‍್ಯಾಂಕಿಗೆ ಸುರತ್ಕಲ್ ಕೈಗೆಟುಕುವಂತಿತ್ತು. ನಾನು ಸೇರಿದ್ದು ವಿಜಾಪುರದಲ್ಲಿ, ಮನೆಯಿಂದ ಸೈಕಲ್ ಹೊಡೆಯುವಷ್ಟು ದೂರದಲ್ಲಿ. ಕೇಳಿದವರಿಗೆಲ್ಲ "ಊರು ಬಿಟ್ಟು ಇರೋದು ನನಗಾಗಂಗಿಲ್ಲ" ಅಂದೆ. ನಿಜ ಏನೆಂದರೆ ಅಪ್ಪನ ಸಂಬಳ ಅಕ್ಕನ ಮದುವೆಯ ಸಾಲಕ್ಕೆ ಹೋಗುತ್ತಿತ್ತು. ಇಲ್ಲದ್ದನ್ನು ಬೇಡವಾದದ್ದು ಎಂದು ಹೇಳಿಕೊಂಡರೆ ಮರ್ಯಾದೆ ಉಳಿಯುತ್ತದೆ. ಮುಂದೆ ಎಂಟೆಕ್ ಮಾಡಿದ್ದಕ್ಕೂ ಜ್ಞಾನದಾಹ ಮುಖ್ಯ ಕಾರಣವಲ್ಲ. ಗೇಟ್ ಪಾಸಾದವರಿಗೆ ತಿಂಗಳ ಸ್ಟೈಪೆಂಡ್ ಇತ್ತು. ಈಗ ಅದು 12,400 ರೂಪಾಯಿ. ಎಷ್ಟೋ ಮನೆಗಳಲ್ಲಿ ಇಂದಿಗೂ ಎಂಟೆಕ್ ಎಂದರೆ ಓದುತ್ತಲೇ ಮನೆಗೆ ಭಾರವಾಗದ ದಾರಿ.

ಪುಣೆಯಲ್ಲಿರುವ ಕನ್ನಡಿಗರಿಗೆ ಇನ್ನೊಬ್ಬ ಬಡ ಹುಡುಗನ ಕತೆ ಗೊತ್ತು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿಎ ಮುಗಿಸಿದ ವಿಶ್ವೇಶ್ವರಯ್ಯ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಬಂದರು. ಇಂದು ಸಿಒಇಪಿ ಎಂದು ಕರೆಯುವ ಕಾಲೇಜಿನಲ್ಲೇ ಓದಿ 1883ರಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಅವರ ಸ್ವಯಂಚಾಲಿತ ಗೇಟುಗಳು ಮೊದಲು ಕೂತದ್ದು ಇಲ್ಲೇ ಖಡಕವಾಸಲಾ ಅಣೆಕಟ್ಟೆಯಲ್ಲಿ. ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ. ಮೈಸೂರಿನ ಹಣ ಕಾಲು ಶತಮಾನ ಬೇರೆ ಸೀಮೆಗೆ ನೀರುಣಿಸಿ ಆಮೇಲೆ ಮನೆಗೆ ಬಂತು.

ಈ ಕತೆಯಲ್ಲಿ ನಾವು ಹೊಗಳುವುದು ಹುಡುಗನ ಛಲವನ್ನು. ನನಗೆ ಈಗ ಕಾಣುವುದು ನೆರವು ಬಂದ ಹೊತ್ತು. ಅದು ಅವರು ಪುಣೆಗೆ ಹೊರಡುವ ಮುಂಚೆ ಬಂತು. ನಮ್ಮ ಎಷ್ಟೋ ವಿದ್ಯಾರ್ಥಿವೇತನಗಳು ಮೊದಲು ಕಟ್ಟಿ, ಆಮೇಲೆ ಅರ್ಜಿ ಹಾಕಿ ಅನ್ನುತ್ತವೆ. ಸೇರಿದವನ ಭಾರವನ್ನು ಅವು ಇಳಿಸಬಲ್ಲವು. ಸೇರಬೇಕೋ ಬೇಡವೋ ಎಂದು ಅಪ್ಪ-ಮಗಳು ಹಾಳೆ ಹಿಡಿದು ಕೂತ ರಾತ್ರಿಯಲ್ಲಿ ಅವು ಇಲ್ಲದಂತೆಯೇ. ಹಾಗಾದರೆ ಪ್ರತಿಭೆಗೆ ತಕ್ಕ ಕಾಲೇಜು ಸಿಗುತ್ತದೆ ಎಂದು ನಾವು ಯಾವ ಬಾಯಿಂದ ಹೇಳುವುದು? ಸೋತರೂ ನಡೆಯುತ್ತದೆ ಅನ್ನುವ ಭರವಸೆ ಇದ್ದವರು ಮಾತ್ರ ಆರಿಸಿಕೊಳ್ಳುತ್ತಾರೆ. ಉಳಿದವರು ಲೆಕ್ಕ ಹಾಕುತ್ತಾರೆ.

ಸೀಟಿನ ಹಣ ನಾನು ಕೊಡುತ್ತೇನೆ ಅಂದೆ. ಅವರು ನಕ್ಕರು. "ಮೊದಲನೇ ಕಂತು ನೀವು ಕೊಡ್ತೀರಿ. ಎಂಟನೇದು?" ಉತ್ತರಿಸುವ ಮುಂಚೆ ನಾನು ಒಂದು ಕ್ಷಣ ತಡೆದೆ. ಅದನ್ನು ಅವರು ನೋಡಿದರು. ಚಹಾ ಕುಡಿದು, ಪಾಲಕಿಯ ದರ್ಶನಕ್ಕೆ ತಡವಾಗುತ್ತದೆ ಎಂದು ಎದ್ದರು.

ಹುಡುಗಿ ಈಗ ಸಿಒಇಪಿಯಲ್ಲಿದ್ದಾಳೆ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಸಿಗುತ್ತಾಳೆ. ಒಳ್ಳೆಯ ಕಾಲೇಜು, ಚೆನ್ನಾಗಿ ಓದುತ್ತಿದ್ದಾಳೆ. ತಪ್ಪು ಮಾಡಿದಳು ಎಂದು ನಾನು ಹೇಳಲಾರೆ. ಮೊನ್ನೆ ಯಾರೋ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನ್ನ ಕಿವಿಗೂ ಬಿತ್ತು: "ಮನಿ ಬಿಟ್ಟು ದೂರ ಇರೋದು ನನಗ ಆಗಂಗಿಲ್ರಿ."