ಬಾಗಿಲು ಹಾಕಿಕೊಳ್ಳುವ ಹಕ್ಕು

2017ರಲ್ಲಿ ನಾವು ಮನೆ ಕಟ್ಟಿಸಲು ಹೊರಟಾಗ ಇಂಜಿನಿಯರರು ನಕ್ಷೆ ಹಿಡಿದು ಬಂದರು. ಹಾಲು, ಎರಡು ಬೆಡ್‌ರೂಮು, ಅಡುಗೆಮನೆ, ದೇವರಮನೆ, ನಮ್ಮ ಮನೆಯವರಿಗೆಂದು ಒಂದು ಆಫೀಸು ಕೋಣೆ, ಮುಂದೆ ಕಾರು ನಿಲ್ಲಿಸಲು ಜಾಗ. ಕಾರು ನಮ್ಮಲ್ಲಿರಲಿಲ್ಲ, ಇಂದಿಗೂ ಇಲ್ಲ. "ನಾನು ಪೇಪರು ತಿದ್ದೋದು ಎಲ್ಲಿ?" ಎಂದು ಕೇಳಿದೆ. "ಊಟದ ಟೇಬಲ್ ಐತಲ್ರೀ ಮೇಡಂ" ಎಂದರು ಅವರು. ನಾನೂ ತಲೆಯಾಡಿಸಿದೆ. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಊಟದ ತಾಟು ಎತ್ತಿದ ಜಾಗದಲ್ಲೇ ಉತ್ತರಪತ್ರಿಕೆ ಹರಡಿದವಳು ನಾನು. ಎಷ್ಟು ಮಕ್ಕಳ ಗಣಿತದ ಮೇಲೆ ನಮ್ಮ ಮನೆಯ ಸಾರಿನ ಕಲೆ ಬಿದ್ದಿದೆಯೋ, ಆ ದೇವರಿಗೇ ಗೊತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಳಕಲ್ಲಿನ ಓಣಿಯೊಂದು ನೆನಪಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು 1996ರಲ್ಲಿ. ನನ್ನ ತರಗತಿಯಲ್ಲಿ ನೇಕಾರರ ಮಕ್ಕಳೇ ಹೆಚ್ಚು. ಅವರಲ್ಲಿ ಮನೆ ಬೇರೆ, ಕೆಲಸದ ಜಾಗ ಬೇರೆ ಎಂಬುದಿರಲಿಲ್ಲ. ಹೊಸ್ತಿಲು ದಾಟಿದರೆ ಪಡಸಾಲೆ, ಪಡಸಾಲೆಯಲ್ಲಿ ಕುಣಿಮಗ್ಗ. ನೇಯುವವರು ನೆಲಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ತುಳಿಯುತ್ತ ಲಾಳಿ ಓಡಿಸುತ್ತಿದ್ದರು. ನೆಲದ ತಂಪಿಗೆ ನೂಲು ಬೇಗ ಹರಿಯುವುದಿಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು. ಹಾಸಿಗೆ ಗಂಜಿ ಹಾಕುವ ದಿನ ನೂಲನ್ನು ಓಣಿಯುದ್ದಕ್ಕೂ ಚಾಚುತ್ತಿದ್ದರು, ಆಚೀಚೆ ಮನೆಯವರು ಬಂದು ಕೈಹಚ್ಚುತ್ತಿದ್ದರು. ಓಣಿಯೇ ಎಲ್ಲರ ಅಂಗಳ, ಓಣಿಯೇ ಎಲ್ಲರ ಕಾರ್ಖಾನೆ.

ಮನೆ, ದುಡಿಮೆ ಹತ್ತಿರವಿರಬೇಕು, ಓಡಾಟಕ್ಕೆ ಪೆಟ್ರೋಲು ಸುಡಬಾರದು, ನಾಲ್ಕು ಮನೆಗೆ ಸೇರಿ ಒಂದು ಕೆಲಸದ ಜಾಗವಿರಬೇಕು ಎಂದು ಈಗ ತಿಳಿದವರು ಬರೆಯುವುದನ್ನು ಓದಿದಾಗ ಆ ಓಣಿಯೇ ಕಣ್ಣಮುಂದೆ ಬರುತ್ತದೆ. ನಮ್ಮ ದೇಶದಲ್ಲಿ ಇದನ್ನು ಅರಿತು ಕಟ್ಟಿದವರೂ ಇದ್ದಾರೆ. ಇಂದೋರಿನ ಅರಣ್ಯ ಬಡಾವಣೆಯನ್ನು ಯೋಜಿಸಿದವರು ಬಾಲಕೃಷ್ಣ ದೋಶಿ. ಬಡವರಿಗೆಂದಿಟ್ಟ ಅತಿ ಚಿಕ್ಕ ನಿವೇಶನ 35 ಚದರ ಮೀಟರಿನದು. ಅವರು ಪೂರ್ತಿ ಮನೆ ಕಟ್ಟಿ ಕೊಡಲಿಲ್ಲ. ಅಡಿಪಾಯ, ನೀರು, ಶೌಚಾಲಯದ ವ್ಯವಸ್ಥೆ ಮಾಡಿ, ಉಳಿದದ್ದನ್ನು ಕೈಗೆ ಕಾಸು ಬಂದಂತೆ ನೀವೇ ಕಟ್ಟಿಕೊಳ್ಳಿ ಎಂದರು. ಬಾಗಿಲಲ್ಲಿ ಕಟ್ಟೆ, ರಸ್ತೆ ಬದಿಗೆ ಪುಟ್ಟ ಅಂಗಡಿ, ಮನೆಯಲ್ಲೇ ಕಸುಬು, ಎಲ್ಲಕ್ಕೂ ಅಲ್ಲಿ ಎಡೆಯಿತ್ತು. 1995ರಲ್ಲಿ ಆ ಬಡಾವಣೆಗೆ ಆಗಾ ಖಾನ್ ಪ್ರಶಸ್ತಿ, 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್ಕರ್ ಪ್ರಶಸ್ತಿ ಬಂತು.

ಇಷ್ಟಕ್ಕೆ ನಿಲ್ಲಿಸಿದರೆ ಚೆಂದವೇ. ಆದರೆ ನನ್ನ ಎದೆಯಲ್ಲಿ ಒಂದು ಮುಳ್ಳು ಉಳಿದಿದೆ.

ಆ ಓಣಿಯ ಹುಡುಗಿಯೊಬ್ಬಳು ದಿನಾ ತಡವಾಗಿ ಬರುತ್ತಿದ್ದಳು. ನಾನು ಹೊಸ ಹುರುಪಿನ ಟೀಚರು, ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ಸಂಜೆ ಅವಳ ಮನೆಗೆ ಹೋದೆ. ತಂದೆ ಮಗ್ಗದಲ್ಲಿದ್ದರು. ತಾಯಿ ಒಲೆಗೂ ರಾಟೆಗೂ ಓಡಾಡುತ್ತಿದ್ದರು. ಹುಡುಗಿ ಕಂಡಿಕೆ ಸುತ್ತುತ್ತಿದ್ದಳು. "ಮನೀಗೆ ಬಂದಮ್ಯಾಲೆ ಒಂದು ತಾಸು ಓದಬಾರದೇನ?" ಎಂದೆ. ಅವಳು ಕೈ ನಿಲ್ಲಿಸದೆ, "ಅಕ್ಕಾರ, ಮನೀಗೆ ಬರೂದಂದ್ರ ಕೆಲಸಕ್ಕ ಬರೂದ ಅಲ್ರೀ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಸೀರೆಗಿಷ್ಟು ಎಂದು ಕೂಲಿ ಬರುತ್ತಿದ್ದುದು ತಂದೆಯ ಹೆಸರಿಗೆ. ತಾಯಿ ಮಗಳ ಕಂಡಿಕೆಗೆ ಲೆಕ್ಕವಿಲ್ಲ, ಅದು 'ಮನೆಗೆಲಸ'. ಮನೆಯಲ್ಲಿ ಕೂತು ದುಡಿಯುವವರೂ ಕಾರ್ಮಿಕರೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದವೊಂದನ್ನು ಮಾಡಿದ್ದು ಅದೇ 1996ರಲ್ಲಿ. ಅಂಥ ಹೆಂಗಸರಿಗಾಗಿ ಇಳಾ ಭಟ್ ಅವರು ಅಹಮದಾಬಾದಿನಲ್ಲಿ 'ಸೇವಾ' ಕಟ್ಟಿದ್ದು 1972ರಲ್ಲಿ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಹುಡುಗಿ ಏಳನೆಯ ತರಗತಿಗೇ ಶಾಲೆ ಬಿಟ್ಟಾಗಿತ್ತು.

ಮನೆಯೊಳಗೆ ಕೆಲಸ ಬಂದರೆ ಭೂಮಿಗೆ ಹಗುರ, ಜೇಬಿಗೂ ಹಗುರ. ಆದರೆ ಆ ಭಾರ ಯಾರ ಹೆಗಲಿಗೆ ಹೋಯಿತು? ಕಾರ್ಖಾನೆಗೆ ಗಂಟೆಯಾದರೂ ಇದೆ. ಮನೆಯ ಕೆಲಸಕ್ಕೆ ಗಂಟೆ ಹೊಡೆಯುವವರು ಯಾರು? 2020ರಲ್ಲಿ ಕೊರೊನಾ ಬಂದು ಊಟದ ಟೇಬಲ್ಲಿನಿಂದ ನಾನು ಆನ್‌ಲೈನ್ ಪಾಠ ಮಾಡಿದಾಗ ಆ ಪ್ರಶ್ನೆ ನನ್ನದೂ ಆಯಿತು. ಗುಣಾಕಾರ ಹೇಳುತ್ತ ಕುಕ್ಕರಿನ ಸೀಟಿ ಎಣಿಸಿದವಳು ನಾನು. ಆಫೀಸು ಕೋಣೆಯ ಬಾಗಿಲು ಮಾತ್ರ ಹಾಕಿತ್ತು.

ಮರುವರ್ಷ ನನ್ನ ನಾದಿನಿ ಗಂಡನನ್ನು ಕಳೆದುಕೊಂಡು ಮಗಳೊಂದಿಗೆ ನಮ್ಮಲ್ಲಿಗೆ ಬಂದಳು. ಹಾಲಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟಳು. ಬ್ಲೌಸಿಗೆ ಬರುವವರು ಹೆಚ್ಚಾದಾಗ ಬಡಾವಣೆಯ ಹಿರಿಯರೊಬ್ಬರು, "ಇದು ಮನೆಗಳಿರೋ ಜಾಗ, ಬಜಾರ ಮಾಡಬ್ಯಾಡ್ರಿ" ಎಂದರು. ತಮ್ಮ ಹಾಲಿನಲ್ಲಿ ಕೂತು ವಿಮೆ ಕಾಗದ ಬರೆಯುವ ಅವರಿಗೆ ಅದು ಬಜಾರ ಎನಿಸಿರಲಿಲ್ಲ!

ಆಗ ನಾನು ಬಾರದ ಕಾರಿನ ಜಾಗಕ್ಕೆ ಗೋಡೆ ಎಬ್ಬಿಸಿ ಕೋಣೆ ಮಾಡಿಸಿದೆ. ನಾದಿನಿಯ ಯಂತ್ರ, ಪಕ್ಕದ ಮನೆಯಾಕೆ ಸೀರೆಗೆ ಕುಚ್ಚು ಕಟ್ಟಲು ಒಂದು ಮಣೆ, ನನಗೊಂದು ಮೇಜು. ಸಂಜೆ ಏಳಕ್ಕೆ ಕೀಲಿ ಎಂದು ನಿಯಮ ಮಾಡಿದೆ, ಮಹಾ ನ್ಯಾಯ ಮಾಡಿದವಳಂತೆ. ನಾದಿನಿ ಕೇಳಿದಳು: "ವೈನಿ, ನಿಮಗ ತಿಂಗಳಾದ್ರ ಪಗಾರ ಬರ್ತೈತಿ. ದೀಪಾವಳಿ ಮುಂದ ಏಳಕ್ಕ ಕೀಲಿ ಹಾಕಿದ್ರ ನನ್ನ ಗತಿ ಏನ್ರೀ?"

ಅವಳ ಮಾತು ನಿಜ. ಬಾಗಿಲು ಬೇಕು, ಆದರೆ ಅದನ್ನು ಹಾಕುವ ಹೊತ್ತು ನಾನು ಗೊತ್ತುಮಾಡುವುದಲ್ಲ. ದುಡಿಯುವವಳ ಕೈಯಲ್ಲಿ ಕೀಲಿ ಇಲ್ಲದಿದ್ದರೆ ಅದು ಪಡಸಾಲೆಯಾದರೇನು, ಪ್ರಶಸ್ತಿ ಪಡೆದ ಬಡಾವಣೆಯಾದರೇನು?

ಕೀಲಿ ಅವಳಿಗೇ ಕೊಟ್ಟೆ. ಒಂದು ಮಾತು ಮಾತ್ರ ಬೇಡಿಕೊಂಡೆ: ಶಾಲೆಯಿಂದ ಬಂದ ಮಗಳನ್ನು ಬ್ಲೌಸಿಗೆ ಹುಕ್ಕು ಹಚ್ಚಲು ಕೂರಿಸಬಾರದು. ಅವಳು ಒಪ್ಪಿದಳು. ಹೆಚ್ಚಿನ ದಿನ ಏಳಕ್ಕೇ ಬಾಗಿಲು ಹಾಕುತ್ತಾಳೆ, ಹಬ್ಬದ ಮುಂದೆ ಹತ್ತೂ ಆಗುತ್ತದೆ, ನಾನು ಕೇಳುವುದಿಲ್ಲ. ನನ್ನ ಮೇಜಿನ ಒಂದು ಬದಿಯಲ್ಲಿ ಈಗ ಆ ಹುಡುಗಿ ಓದಿಕೊಳ್ಳುತ್ತಾಳೆ. ಪೇಪರು ತಿದ್ದುತ್ತ ತಲೆಯೆತ್ತಿ ಅವಳನ್ನು ನೋಡಿದಾಗೆಲ್ಲ, ಬಾಗಿಲ ಹೊರಗೆ ನಾನು ನಿಲ್ಲಿಸಿದ್ದ ಇನ್ನೊಬ್ಬಳು ನೆನಪಾಗುತ್ತಾಳೆ.