ಉಳಿಸಬೇಕಾದುದರ ಸುತ್ತಲೂ ಒಂದು ಗೆರೆ



ಕೆಡುಕನ್ನು ಕಳೆಯುವಾಗ ಅದರ ಮಗ್ಗುಲಲ್ಲೇ ಇರುವ ಒಳಿತಿಗೆ ಎಷ್ಟು ನೋವುಂಟುಮಾಡಬಹುದು? ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯನ್ನು ಯೋಜಿಸುವ ವೈದ್ಯರು ಈ ಪ್ರಶ್ನೆಗೆ ಗೆರೆಗಳಲ್ಲಿ ಉತ್ತರಿಸಬೇಕಾಗುತ್ತದೆ.

ಸಿಟಿ ಸ್ಕ್ಯಾನ್ ರೋಗಿಯ ದೇಹವನ್ನು ಕೆಲವೇ ಮಿಲಿಮೀಟರ್ ದಪ್ಪದ ಪದರುಗಳಾಗಿ ತೋರಿಸುತ್ತದೆ. ಒಂದೊಂದು ಪದರಿನಲ್ಲಿಯೂ ಕಣ್ಣಿಗೆ ಕಾಣುವ ಗೆಡ್ಡೆಯ ಸುತ್ತ ಒಂದು ಗೆರೆ. ಕಾಣದಂತೆ ಹಬ್ಬಿರಬಹುದಾದ ರೋಗಕ್ಕಾಗಿ ಅದರಾಚೆಗೆ ಇನ್ನೊಂದು. ದಿನದಿಂದ ದಿನಕ್ಕೆ ಮಲಗುವ ಭಂಗಿಯಲ್ಲಾಗುವ ಅಲ್ಪ ವ್ಯತ್ಯಾಸಕ್ಕಾಗಿ ಮತ್ತೊಂದು. ಹೊರಗಿನ ಎರಡು ಗೆರೆಗಳೊಳಗೆ ಆರೋಗ್ಯವಂತ ಭಾಗವೂ ಸೇರಿರುತ್ತದೆ. ಅಂಚು ಕಿರಿದಾದರೆ ರೋಗ ಉಳಿದೀತು. ಅಗಲವಾದರೆ ಉಳಿದ ಬದುಕು ಬಡವಾದೀತು.

ಆದುದರಿಂದಲೇ ಕಾಪಾಡಬೇಕಾದ ಅಂಗಗಳ ಸುತ್ತಲೂ ಗೆರೆ ಎಳೆಯುತ್ತಾರೆ. ಬೆನ್ನುಹುರಿ ಸರಪಳಿಯಂತೆ, ಒಂದು ಕೊಂಡಿ ಕಡಿದರೂ ಕೈಕಾಲುಗಳ ಬಲ ಕುಂದಬಹುದು. ದಿನವೂ ಸ್ವಲ್ಪ ಸ್ವಲ್ಪವಾಗಿ ಕೊಡುವ ಸಾಮಾನ್ಯ ಕ್ರಮದಲ್ಲಿ ಅದಕ್ಕೆ ತಗಲುವ ಒಟ್ಟು ವಿಕಿರಣವು 45ರಿಂದ 50 ಗ್ರೇ ಮೀರದಂತೆ ನೋಡಿಕೊಳ್ಳುತ್ತಾರೆ. ಕಿವಿಯ ಬುಡದ ಜೊಲ್ಲುಗ್ರಂಥಿಯಾದರೋ ಹಲವರು ಕೂಡಿ ದುಡಿಯುವ ಮನೆಯಂತೆ. ಒಂದು ಭಾಗ ಸೋತರೂ ಉಳಿದದ್ದು ದುಡಿಯುತ್ತದೆ. ಇದನ್ನು ಉಳಿಸುವ ಶ್ರಮ ವ್ಯರ್ಥವಲ್ಲ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಾದ ಒಂದು ವರ್ಷದ ಬಳಿಕ, ಹಳೆಯ ವಿಧಾನದಲ್ಲಿ ನೂರಕ್ಕೆ 74 ಮಂದಿಗೆ ಗಣನೀಯವಾಗಿ ಬಾಯಿ ಒಣಗುತ್ತಿತ್ತು. ಗ್ರಂಥಿಯನ್ನು ಕಾಪಾಡುವ ವಿಧಾನದಲ್ಲಿ ಆ ಸಂಖ್ಯೆ 38ಕ್ಕೆ ಇಳಿದಿತ್ತು. ಒಣಬಾಯಿಯಲ್ಲಿ ತುತ್ತು ಅನ್ನ ನುಂಗುವ ಕಷ್ಟವನ್ನು ಬಲ್ಲವರಿಗೆ ಇದು ಬರಿಯ ಲೆಕ್ಕವಲ್ಲ.

ಆದರೆ ಗೆಡ್ಡೆಯೇ ಅಂಗಕ್ಕೆ ಅಂಟಿಕೊಂಡಿದ್ದರೆ? ಆಗ ಗ್ರಂಥಿಯನ್ನು ಬಿಟ್ಟುಕೊಡಬಹುದು; ಬೆನ್ನುಹುರಿಯನ್ನು ಬಿಟ್ಟುಕೊಡುವುದು ಬಲು ಕಷ್ಟ. ಎಲ್ಲವೂ ಅಮೂಲ್ಯವೇ, ಆದರೂ ಯಾವುದನ್ನು ಮೊದಲು ಉಳಿಸಬೇಕೆಂಬುದನ್ನು ಕಿರಣ ಹಾಯುವ ಮುನ್ನವೇ ನಿರ್ಧರಿಸಬೇಕು. ಈಗ ಗಣಕಯಂತ್ರವೇ ಗೆರೆಗಳನ್ನು ಎಳೆದುಕೊಡುವುದುಂಟು. ಅವನ್ನು ಪರಿಶೀಲಿಸಿ ಒಪ್ಪುವ ಹೊಣೆ ಮಾತ್ರ ವೈದ್ಯರದೇ.

ಹಾಗಾದರೆ ಒಳಿತಿಗೆ ಆಗುವ ಹಾನಿ ಎಂದು ಸಮರ್ಥನೀಯ? ಅದನ್ನು ಮುಂಚಿತವಾಗಿ ಅಳೆದು, ಮಿತಿಗೊಳಿಸಿ, ಹಾನಿಯೆಂದೇ ಒಪ್ಪಿಕೊಂಡಾಗ. ಅಷ್ಟೇ ಸಾಲದು, ಅನುಭವಿಸುವವರಿಗೆ ಅದು ತಿಳಿದಿರಲೂಬೇಕು. ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ರೋಗಿಯಿಂದಲೇ ಎಲ್ಲವನ್ನೂ ಮುಚ್ಚಿಡುವ ವಾಡಿಕೆಯುಂಟು. ಗೆರೆ ಬೀಳುವುದು ಅವರ ದೇಹದ ಮೇಲೆ. ಏನನ್ನು ಉಳಿಸುತ್ತಾರೆ, ಏನನ್ನು ಬಿಟ್ಟುಕೊಡುತ್ತಾರೆ ಎಂದು ವೈದ್ಯರನ್ನು ಕೇಳುವಾಗ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳೋಣ.