ಸೋಲಿಸುವ ಸೌಜನ್ಯ

ಚದುರಂಗದ ಲೋಕದಲ್ಲಿ ಒಂದು ವಿಚಿತ್ರ ಪ್ರದರ್ಶನವುಂಟು. ಸಾಲಾಗಿ ಹಾಕಿದ ಮೇಜುಗಳ ಒಂದು ಪಕ್ಕದಲ್ಲಿ ಹವ್ಯಾಸಿ ಆಟಗಾರರು ಕುಳಿತಿರುತ್ತಾರೆ. ಇನ್ನೊಂದು ಪಕ್ಕದಲ್ಲಿ ಪ್ರಸಿದ್ಧ ಆಟಗಾರನೊಬ್ಬ ನಡೆಯುತ್ತ, ಪ್ರತಿಯೊಂದು ಮಣೆಯ ಮುಂದೆ ಅರೆಗಳಿಗೆ ನಿಂತು, ಒಂದು ಕಾಯಿ ನಡೆಸಿ ಮುಂದಕ್ಕೆ ಸಾಗುತ್ತಾನೆ. ಅವನು ಸುತ್ತು ಮುಗಿಸಿ ಬರುವವರೆಗೆ ಇವರಿಗೆ ಯೋಚಿಸಲು ಅವಕಾಶ. 1922ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ, ಆಗಿನ ಜಗಜ್ಜೇತನಾದ ಕ್ಯೂಬಾ ದೇಶದ ಕಾಪಾಬ್ಲಾಂಕಾ ಹೀಗೆ 103 ಮಂದಿಯೊಡನೆ ಆಡಿ, 102 ಆಟಗಳನ್ನು ಗೆದ್ದ. ಒಂದು ಮಾತ್ರ ಸಮವಾಯಿತು.

ಈ ಅಂಕಿಗಳನ್ನು ಕಂಡಾಗಲೆಲ್ಲ ನನಗೆ ಒಂದು ಧರ್ಮಸಂದೇಹ ಬರುತ್ತದೆ. ಅಷ್ಟು ಜನರಲ್ಲಿ ಒಂದಿಬ್ಬರಿಗಾದರೂ ಅವನು ಬೇಕೆಂದೇ ಸೋಲಬಹುದಿತ್ತಲ್ಲವೆ? ಅವನ ಕೀರ್ತಿಗೆ ಕುಂದೇನೂ ಬರುತ್ತಿರಲಿಲ್ಲ. ಗೆದ್ದವನಾದರೋ ಮೊಮ್ಮಕ್ಕಳ ಕಾಲದವರೆಗೂ ಅದನ್ನೇ ಹೇಳಿಕೊಂಡು ಸುಖವಾಗಿರುತ್ತಿದ್ದ. ಅಜ್ಜನಾದವನು ಮೊಮ್ಮಗನೊಡನೆ ಆಡುವಾಗ ತನ್ನ ಆನೆಯನ್ನು ಕಂಡೂ ಕಾಣದವನಂತೆ ಬಿಟ್ಟುಕೊಡುವುದಿಲ್ಲವೆ?

ಅಜ್ಜನ ಮಾತು ಬೇರೆ. ಅಲ್ಲಿ ಆಟ ಬರಿಯ ನೆಪ, ಅಕ್ಕರೆಯೇ ಮುಖ್ಯ. ಪ್ರದರ್ಶನಕ್ಕೆ ಬಂದ ಹವ್ಯಾಸಿ ಅಕ್ಕರೆಯನ್ನು ಬೇಡಿ ಬಂದವನಲ್ಲ. ತನ್ನ ಶಕ್ತಿಯನ್ನು ಒರೆಗೆ ಹಚ್ಚಿ ನೋಡಲು ಬಂದವನು. ಒರೆಗಲ್ಲೇ ದಾಕ್ಷಿಣ್ಯಕ್ಕೆ ಬಿದ್ದರೆ ಚಿನ್ನದ ಗತಿಯೇನು? ಗುಟ್ಟಾಗಿ ಸೋತವನು ಎದುರಾಳಿಗೆ ಕೊಡುವುದು ಗೆಲುವನ್ನಲ್ಲ, ಒಂದು ಸುಳ್ಳನ್ನು. ಆ ಔದಾರ್ಯದ ತಳದಲ್ಲಿ, 'ನಿನ್ನ ಯೋಗ್ಯತೆ ಇಷ್ಟೇ' ಎಂಬ ತಾತ್ಸಾರವೂ ಅಡಗಿರುತ್ತದೆ.

1925ರ ನವೆಂಬರಿನಲ್ಲಿ ಇದೇ ಕಾಪಾಬ್ಲಾಂಕಾ, ಮಾಸ್ಕೋ ಪಂದ್ಯಾವಳಿಯ ಬಿಡುವಿನ ದಿನ ಲೆನಿನ್‌ಗ್ರಾಡಿಗೆ ಹೋಗಿ ಇಂಥದೇ ಪ್ರದರ್ಶನ ಕೊಟ್ಟ. ಅಲ್ಲಿ ಬಾಟ್ವಿನ್ನಿಕ್ ಎಂಬ 14 ವರ್ಷದ ಹುಡುಗ ಅವನನ್ನು ಸೋಲಿಸಿದ. 1936ರಲ್ಲಿ ನಾಟಿಂಗ್‌ಹ್ಯಾಮ್ ಪಂದ್ಯಾವಳಿಯಲ್ಲಿ ಇಬ್ಬರೂ ಸಮನಾಗಿ ಮೊದಲ ಸ್ಥಾನ ಪಡೆದರು. 1938ರಲ್ಲಿ ಹಾಲೆಂಡಿನಲ್ಲಿ ಎದುರುಬದುರು ಕುಳಿತು ಆಡಿದಾಗ ಬಾಟ್ವಿನ್ನಿಕ್ ಗೆದ್ದ. 1948ರಲ್ಲಿ ತಾನೇ ಜಗಜ್ಜೇತನಾದ. ಆ ಮೊದಲ ಗೆಲುವು, ಹುಡುಗನೆಂದು ಕನಿಕರಿಸಿ ಕೊಟ್ಟ ಮಿಠಾಯಿಯಾಗಿದ್ದರೆ ಅದರಲ್ಲಿ ಹೆಮ್ಮೆಪಡುವುದಕ್ಕೆ ಏನಿರುತ್ತಿತ್ತು?

ಹಾಗಾದರೆ ಬಲ್ಲವನು ದಯೆ ತೋರಬಾರದೆ? ತೋರಬೇಕು, ಆದರೆ ಆಟದಲ್ಲಲ್ಲ, ನಡತೆಯಲ್ಲಿ. ತಪ್ಪು ನಡೆಯನ್ನು ಕಂಡು ನಗಬಾರದು. ಗೆದ್ದಾಗ ಕೈಕುಲುಕಬೇಕು, ಸೋತಾಗ ಮುಖ ಸಿಂಡರಿಸದೆ ಒಪ್ಪಿಕೊಳ್ಳಬೇಕು. ಎಲ್ಲಕ್ಕೂ ಮಿಗಿಲಾಗಿ, ಪ್ರತಿಯೊಂದು ಮಣೆಯ ಮುಂದೆಯೂ ನಿಜವಾಗಿ ನಿಲ್ಲಬೇಕು. ಅವನಿಗೆ ಅದು ನೂರಾ ಮೂರರಲ್ಲಿ ಒಂದು. ಎದುರು ಕುಳಿತವನಿಗೆ ಇರುವುದು ಅದೊಂದೇ.

ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡ ಉಪಾಧ್ಯಾಯ, ರೋಗಿಗಳ ಸಾಲಿಗೆ ಎದುರಾಗಿ ಕುಳಿತ ವೈದ್ಯ, ಅರ್ಜಿಗಳ ನಡುವೆ ಹೂತುಹೋದ ಅಧಿಕಾರಿ, ಇವರೆಲ್ಲರೂ ಆಡುತ್ತಿರುವುದು ಇಂಥದೇ ಆಟವನ್ನು. ನಾವು ಅವರಿಂದ ರಿಯಾಯಿತಿಯನ್ನು ಬೇಡುವುದಿಲ್ಲ. ನಮ್ಮ ಮಣೆಯ ಮುಂದೆ ಬಂದಾಗ ಅರೆಗಳಿಗೆ ನಿಂತು ನೋಡಿದರೆ ಸಾಕು.